ಜೂನ್ ತಿಂಗಳ ಹಣ ಬೇರೆ, ಮಗಳ ಓದಿನ ಹಣ ಬೇರೆ

ಮಲ್ಪೆಯಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವ ವರ್ಕ್‌ಶಾಪ್ ನಮ್ಮದು. ಕೆಲಸ ನಮ್ಮ ಯಜಮಾನರದ್ದು, ಲೆಕ್ಕಪತ್ರ ನನ್ನದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ನಮಗೆ ಕೈತುಂಬ ಕೆಲಸ ಬರುವುದು ಆಗಲೇ. ಬೋಟುಗಳೆಲ್ಲ ದಡ ಸೇರಿರುತ್ತವೆ, ಎಂಜಿನ್ ಬಿಚ್ಚಲು ಅದೇ ಸಮಯ. ಆದರೆ ದುಡ್ಡು ಮಾತ್ರ ಆಗ ಬರುವುದಿಲ್ಲ. ಆ ಹೊತ್ತಿಗೆ ಬೋಟಿನವರ ಕೈಯೂ ಖಾಲಿ. ಆಗಸ್ಟ್‌ನಲ್ಲಿ ಬೋಟು ಕಡಲಿಗಿಳಿದು, ಒಳ್ಳೆಯ ಮೀನು ಸಿಕ್ಕಿ, ಅವರ ಡೀಸೆಲ್ ಸಾಲ ತೀರಿ, ನಮ್ಮ ಬಿಲ್ಲು ಚುಕ್ತಾ ಆಗುವಾಗ ನವರಾತ್ರಿ ಬಂದಿರುತ್ತದೆ. ನಾವಾದರೋ ನಾಝಲ್, ಗ್ಯಾಸ್ಕೆಟ್, ಪಿಸ್ಟನ್ ರಿಂಗ್‌ಗಳನ್ನು ಜೂನ್‌ನಲ್ಲೇ ಹಣ ಎಣಿಸಿ ತರಬೇಕು. ಹುಡುಗರ ಸಂಬಳ ತಿಂಗಳು ತಿಂಗಳು ಕೊಡಬೇಕು. ಶಾಲೆಯ ಫೀಸೂ ಅದೇ ಜೂನ್‌ನಲ್ಲಿ.

ಹೀಗಿರುವ ಮನೆಯಲ್ಲಿ ಉಳಿತಾಯ ಹೇಗೆ ಮಾಡಿದೆ, ಮಾರುಕಟ್ಟೆ ಕುಸಿದಾಗ ಏನು ಮಾಡಿದೆ ಎಂದು ಪರಿಚಯದವರು ಆಗಾಗ ಕೇಳುತ್ತಾರೆ. ಷೇರುಪೇಟೆ ನಾಳೆ ಎತ್ತ ಹೋಗುತ್ತದೆ ಎಂದು ನನಗೆ ಯಾವತ್ತೂ ಗೊತ್ತಾಗಿಲ್ಲ. ಹಣ ಯಾವ ತಿಂಗಳು, ಯಾವ ವರ್ಷ ಬೇಕಾಗುತ್ತದೆ ಎಂಬುದು ಮಾತ್ರ ಬಹುಮಟ್ಟಿಗೆ ಗೊತ್ತಿರುತ್ತದೆ. ಪ್ರತಿ ಮೊತ್ತದ ಎದುರಿಗೂ ಅದು ಬೇಕಾಗುವ ತಿಂಗಳನ್ನು ಬರೆದಿಟ್ಟು, ಆಮೇಲೆ ಅದನ್ನು ಎಲ್ಲಿ ಇಡುವುದೆಂದು ತೀರ್ಮಾನಿಸಿದೆ. ಬಡ್ಡಿ ಎಷ್ಟು ಎಂಬ ಪ್ರಶ್ನೆ ಅದರ ನಂತರದ್ದು.

ಮೊದಲು ಕಟ್ಟಿದ್ದು ಮಳೆಗಾಲದ ಹಣ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮನೆಖರ್ಚು, ಸಂಬಳ, ಬಾಡಿಗೆ, ಬಿಡಿಭಾಗ, ಫೀಸು ಎಲ್ಲ ಸೇರಿಸಿ ಒಂದು ಮೊತ್ತ ಬರೆದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಜೂನ್ ಬಂತೆಂದರೆ ಚಿನ್ನ ಅಡವಿಗೆ ಹೋಗುತ್ತದೆ, ಸೀಸನ್ ಕುದುರಿದ ಮೇಲೆ ಬಿಡಿಸಿ ತರುತ್ತಾರೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಕಷ್ಟಕ್ಕೆ ಒದಗುವ ಸಾಲ ಅದು. ಆದರೆ ಪ್ರತಿ ವರ್ಷ ಬರುವುದೆಂದು ಗೊತ್ತಿರುವ ಖರ್ಚಿಗೆ ಪ್ರತಿ ವರ್ಷ ಬಡ್ಡಿ ಕಟ್ಟುವುದು ನನಗೆ ಒಪ್ಪಿಗೆಯಾಗಲಿಲ್ಲ.

ಆ ಮೊತ್ತ ಕೂಡಿಸಲು ನೆರವಾದದ್ದು ಪಿಗ್ಮಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಇದನ್ನು ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಬ್ಯಾಂಕಿನವರೇ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು. ನಮ್ಮ ಅತ್ತೆ ಮೀನು ಮಾರುತ್ತಿದ್ದ ಕಾಲದಿಂದಲೂ ಪಿಗ್ಮಿ ಕಟ್ಟಿದವರು. ದಿನದ ದುಡಿಮೆ ದಿನವೇ ಕೈಗೆ ಬರುವವರಿಗೆ ಇದಕ್ಕಿಂತ ಒಗ್ಗುವ ಉಳಿತಾಯ ನಾನು ಕಂಡಿಲ್ಲ. ಆದರೆ ಬಡ್ಡಿ ತೀರಾ ಕಡಿಮೆ, ಅವಧಿಗೆ ಮುಂಚೆ ತೆಗೆದರೆ ಅದೂ ಕೈತಪ್ಪಬಹುದು. ಹಾಗಾಗಿ ಹಣ ಒಟ್ಟಾಗುವ ತನಕ ಮಾತ್ರ ಪಿಗ್ಮಿಯಲ್ಲಿ ಬಿಡುತ್ತೇನೆ. ಅವಧಿ ಮುಗಿದ ಕೂಡಲೇ ಎಫ್‌ಡಿಗೆ ಹಾಕುತ್ತೇನೆ.

ಎಫ್‌ಡಿಯನ್ನೂ ಒಂದೇ ಗಂಟಾಗಿ ಇಡುವುದಿಲ್ಲ. ಮೂರು ಲಕ್ಷ ಇದ್ದರೆ ಐವತ್ತು ಸಾವಿರದ ಆರು ಮಾಡುತ್ತೇನೆ, ಮೇ ಕೊನೆಯಿಂದ ಒಂದೊಂದೇ ಮಾಗುವ ಹಾಗೆ. ಅವಸರ ಬಿದ್ದರೆ ಒಂದನ್ನು ಮುರಿದರಾಯಿತು, ಮುರಿದದ್ದಕ್ಕೆ ಕಡಿತವಾಗುವ ಬಡ್ಡಿ ಆ ಒಂದಕ್ಕಷ್ಟೇ.

ಇಲ್ಲಿ ನಮ್ಮ ಜಿಲ್ಲೆಗಳವರು ವಿಶೇಷವಾಗಿ ಗಮನಿಸಬೇಕಾದ ಒಂದು ವಿಷಯ ಉಂಟು. 2020ರ ಫೆಬ್ರವರಿ 4ರಿಂದ ಠೇವಣಿ ವಿಮೆ, ಅಂದರೆ ಬ್ಯಾಂಕ್ ಮುಳುಗಿದರೂ ನಮಗೆ ಸಿಗುವ ಹಣದ ಮಿತಿ, ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿನಲ್ಲಿರುವ ಅಸಲು, ಬಡ್ಡಿ ಎಲ್ಲ ಸೇರಿ ಐದು ಲಕ್ಷ. ಶಾಖೆ ಬೇರೆಯಾದರೂ ಲೆಕ್ಕ ಒಂದೇ. ಕರಾವಳಿ ಬ್ಯಾಂಕುಗಳ ತವರು. ಕೆನರಾ, ಕಾರ್ಪೊರೇಷನ್ ಎರಡೂ 1906ರವು, ಕರ್ಣಾಟಕ ಬ್ಯಾಂಕ್ 1924ರದ್ದು, ವಿಜಯಾ 1931ರದ್ದು. ಹಳೆಯ ಮನೆಗಳಲ್ಲಿ ಇವೆಲ್ಲದರ ಪಾಸ್‌ಬುಕ್ ಇರುತ್ತದೆ. ಆದರೆ 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಸಿಂಡಿಕೇಟಿನಲ್ಲಿ ನಾಲ್ಕು ಲಕ್ಷ, ಕೆನರಾದಲ್ಲಿ ನಾಲ್ಕು ಲಕ್ಷ ಇಟ್ಟವರಿಗೆ ಈಗ ಅದು ಒಂದೇ ಬ್ಯಾಂಕಿನ ಎಂಟು ಲಕ್ಷ. ದೊಡ್ಡ ಸರಕಾರಿ ಬ್ಯಾಂಕಿಗೆ ತೊಂದರೆಯಾದೀತೆಂದು ನಾನು ಹೆದರಿದ್ದಲ್ಲ. ಆದರೂ ಅತ್ತೆಯ ಪಾಸ್‌ಬುಕ್‌ಗಳನ್ನೆಲ್ಲ ಮುಂದಿಟ್ಟುಕೊಂಡು ಲೆಕ್ಕ ಹಾಕಿ, ಒಂದಷ್ಟನ್ನು ಬೇರೆ ಕಡೆಗೆ ಹಂಚಿದೆ. ಅವರ ಹೆಸರಿನಲ್ಲಿ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ತೆರೆದದ್ದು ಆಗಲೇ. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇಕಡಾ 8.2ಕ್ಕೆ ಏರಿತು, ಮಿತಿ 30 ಲಕ್ಷ ಆಯಿತು. ಖಾತೆ ತೆರೆದ ದಿನದ ದರವೇ ಐದು ವರ್ಷ ನಡೆಯುತ್ತದೆ, ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ಜುಲೈ ಮೊದಲಿಗೆ ಬರುವ ಕಂತು ಅತ್ತೆಗೆ ಬಹಳ ಸಮಾಧಾನ ಕೊಟ್ಟಿದೆ. ಮಳೆಗಾಲದಲ್ಲಿ ಮಗನ ಮುಂದೆ ಕೈಚಾಚುವುದು ಅವರಿಗೆ ಆಗದ ಮಾತು.

ಸಹಕಾರಿ ಸೊಸೈಟಿಗಳಲ್ಲಿ ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಸಿಗುತ್ತದೆ, ನಮ್ಮಲ್ಲಿ ಬಹಳ ಜನ ಇಡುತ್ತಾರೆ. ಠೇವಣಿ ವಿಮೆ ಸಹಕಾರಿ ಬ್ಯಾಂಕುಗಳಿಗೆ ಉಂಟು, ಪತ್ತಿನ ಸೊಸೈಟಿಗಳಿಗೆ ಇಲ್ಲ. ಹೆಸರಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ, ಕೇಳಿ ತಿಳಿದುಕೊಳ್ಳಬೇಕು. ನಾನು ಸದಸ್ಯತ್ವಕ್ಕೆ, ಸಣ್ಣ ಸಾಲಕ್ಕೆ ಬೇಕಾದಷ್ಟೇ ಅಲ್ಲಿ ಇಟ್ಟಿದ್ದೇನೆ. ಮಳೆಗಾಲದ ಹಣ ಇಟ್ಟಿಲ್ಲ.

ಇನ್ನು ಷೇರುಪೇಟೆ. ಮಗಳ ಕಾಲೇಜಿಗೆ ಎಂದು ಅವಳು ಚಿಕ್ಕವಳಿದ್ದಾಗಲೇ ನಿಫ್ಟಿ ಇಂಡೆಕ್ಸ್ ಫಂಡ್ ಒಂದರಲ್ಲಿ ಎಸ್‌ಐಪಿ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವುದನ್ನು, ಶುರು ಮಾಡಿದೆ. ನಿಫ್ಟಿ ಅಂದರೆ ಐವತ್ತು ದೊಡ್ಡ ಕಂಪನಿಗಳ ಷೇರು ಬೆಲೆಯ ಸೂಚ್ಯಂಕ, ಈ ಫಂಡ್ ಅವೇ ಷೇರುಗಳನ್ನು ಕೊಳ್ಳುತ್ತದೆ. ಕಂಪನಿಗಳನ್ನು ಆರಿಸಲು ನನಗೆ ಸಮಯವೂ ಇಲ್ಲ, ವಿದ್ಯೆಯೂ ಇಲ್ಲ. ಇಂಡೆಕ್ಸ್ ಫಂಡಿಗೆ ಅದು ಬೇಕಾಗುವುದೂ ಇಲ್ಲ. ಶುರು ಮಾಡುವ ಮುಂಚೆ ಹಳೆಯ ಕುಸಿತಗಳನ್ನು ಓದಿದೆ. 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ (ಮುಂಬೈ ಷೇರುಪೇಟೆಯ ಸೂಚ್ಯಂಕ) ಅದೇ ಅಕ್ಟೋಬರ್‌ನಲ್ಲಿ 8,000ದ ಕೆಳಗೂ ಇಳಿದಿತ್ತು. ಮತ್ತೆ 21,000 ಮುಟ್ಟಿದ್ದು 2010ರ ದೀಪಾವಳಿಗೆ, ಅದೂ ನಿಲ್ಲಲಿಲ್ಲ. ಅದರ ಮೇಲೆ ಗಟ್ಟಿಯಾಗಿ ನಿಲ್ಲಲು 2013ರ ಕೊನೆ ಬರಬೇಕಾಯಿತು. ಐದು ವರ್ಷದೊಳಗೆ ಬೇಕಾಗುವ ಹಣವನ್ನು ಷೇರಿಗೆ ಹೊಸದಾಗಿ ಹಾಕಬಾರದು ಎಂದು ಆಗ ಬರೆದಿಟ್ಟುಕೊಂಡೆ.

2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,935 ಅಂಕ ಬಿತ್ತು, ಶೇಕಡಾ 13ಕ್ಕೂ ಹೆಚ್ಚು. ಲಾಕ್‌ಡೌನ್ ಬಂದು ಬಂದರು ಸ್ತಬ್ಧವಾಯಿತು. ಮುಂಬೈಯಲ್ಲಿರುವ ನನ್ನ ಚಿಕ್ಕಮ್ಮನ ಮಗ ಫೋನ್ ಮಾಡಿದ. "ಅಕ್ಕ, ಇದ್ದದ್ದನ್ನೆಲ್ಲ ತೆಗೆದುಬಿಡು. ಇನ್ನೂ ಬೀಳ್ತದೆ. ಆಮೇಲೆ ಅಳಬೇಡ."

"ಇನ್ನೂ ಬೀಳಬಹುದು ಮಾರಾಯ, ಆದ್ರೆ ಆ ಹಣ ನನಗೆ ಈಗ ಬೇಡ ಅಲ್ವಾ? ಅವಳಿನ್ನೂ ಎಂಟನೇ ಕ್ಲಾಸು," ಅಂದೆ.

ಹಾಗೆ ಹೇಳಲು ಆದದ್ದು ನವರಾತ್ರಿಯವರೆಗಿನ ಖರ್ಚು ಎಫ್‌ಡಿಯಲ್ಲಿ ಇದ್ದುದರಿಂದ. ಇಲ್ಲದಿದ್ದರೆ ಹುಡುಗರ ಸಂಬಳಕ್ಕೆ ಆ ಫಂಡಿನ ಯೂನಿಟ್‌ಗಳನ್ನು (ಪಾಲುಗಳನ್ನು) ನಿಫ್ಟಿ 7,610ರಲ್ಲಿರುವಾಗ ಮಾರಬೇಕಾಗುತ್ತಿತ್ತು. ಎರಡು ತಿಂಗಳ ಹಿಂದೆ, ಜನವರಿಯಲ್ಲಿ, ಅದು 12,400ರ ಮೇಲಿತ್ತು.

ಎಸ್‌ಐಪಿಯನ್ನು ಅಂಥ ಹೊತ್ತಲ್ಲಿ ಮುಟ್ಟಲೇಬಾರದು ಎಂದು ಬಲ್ಲವರು ಹೇಳುತ್ತಾರೆ. ಲೆಕ್ಕ ಸರಿಯೇ: ಒಂದು ಯೂನಿಟ್‌ಗೆ 120 ರೂಪಾಯಿ ಇರುವಾಗ 3,000ಕ್ಕೆ 25 ಯೂನಿಟ್ ಬಂದರೆ, ಬೆಲೆ 75ಕ್ಕೆ ಇಳಿದಾಗ ಅದೇ ಹಣಕ್ಕೆ 40 ಬರುತ್ತದೆ. ಆದರೆ ನಾನು ಆ ವರ್ಷ ಕಂತನ್ನು ಅರ್ಧಕ್ಕೆ ಇಳಿಸಿದೆ. ಬಂದರು ಯಾವಾಗ ತೆರೆಯುತ್ತದೆ ಎಂದು ಯಾರಿಗೂ ತಿಳಿದಿರಲಿಲ್ಲ. ವರ್ಕ್‌ಶಾಪಿನ ಹುಡುಗರ ಮನೆಯಲ್ಲಿ ಒಲೆ ಉರಿಯುವುದು ಮೊದಲು. ಇಂದಿಗೂ ಆ ತೀರ್ಮಾನ ಸರಿಯೆಂದೇ ನನಗನಿಸುತ್ತದೆ. ಪೂರ್ತಿ ನಿಲ್ಲಿಸದೆ ಅರ್ಧವನ್ನಾದರೂ ಮುಂದುವರಿಸಿದ್ದರಿಂದ ಅಗ್ಗದ ಯೂನಿಟ್‌ಗಳು ಒಂದಷ್ಟು ಸೇರಿದವು. ಅದೇ ನವೆಂಬರ್‌ನಲ್ಲಿ ನಿಫ್ಟಿ ಹಳೆಯ ಎತ್ತರ ದಾಟಿತು. ಅಷ್ಟು ಬೇಗ ಚೇತರಿಸಿದ್ದು ಆ ಸಲದ ಮಾತು, ಪ್ರತಿ ಸಲವೂ ಹಾಗಾಗುತ್ತದೆಂದು ನಾನು ಯಾರಿಗೂ ಹೇಳುವುದಿಲ್ಲ.

2020ರ ಏಪ್ರಿಲ್ 23ರಂದು ದೊಡ್ಡ ಫಂಡ್ ಸಂಸ್ಥೆಯೊಂದು ತನ್ನ ಆರು ಡೆಟ್ ಫಂಡ್‌ಗಳನ್ನು (ಕಂಪನಿಗಳ ಸಾಲಪತ್ರಗಳಲ್ಲಿ ಹಣ ಹಾಕುವವು) ಮುಚ್ಚುವುದಾಗಿ ಘೋಷಿಸಿತು. ಹಾಕಿದವರಿಗೆ ಹಣ ಕಂತು ಕಂತಾಗಿ ವಾಪಸು ಬಂದಿತು, ಆದರೆ ಬೇಕಾದ ದಿನ ಸಿಗಲಿಲ್ಲ. ಮಳೆಗಾಲದ ಹಣಕ್ಕೆ ಬ್ಯಾಂಕಿನ ಎಫ್‌ಡಿ ಬಿಟ್ಟು ಬೇರೆ ಯೋಚನೆ ಮಾಡದಿರಲು ಇದೂ ಒಂದು ಕಾರಣ.

ಹಾಕುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ತೆಗೆಯುವುದರ ಬಗ್ಗೆ ಮಾತಾಡುವವರು ಕಡಿಮೆ. ನನ್ನ ಅನುಭವದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ಮಗಳು 2024ರಲ್ಲಿ ಎಂಜಿನಿಯರಿಂಗ್ ಸೇರುತ್ತಾಳೆಂದು ಗೊತ್ತಿತ್ತು. 2021ರಿಂದಲೇ ವರ್ಷಕ್ಕೆ ಒಂದು ಪಾಲು ಮಾರಿ ಅವಳ ಫೀಸಿನ ಎಫ್‌ಡಿಗೆ ಹಾಕುತ್ತ ಬಂದೆ. ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟ ಷೇರು ಫಂಡಿನ ಲಾಭದಲ್ಲಿ ಆಗ ವರ್ಷಕ್ಕೆ ಒಂದು ಲಕ್ಷದವರೆಗೆ ತೆರಿಗೆ ಇರಲಿಲ್ಲ, ಆ ಮಿತಿಯೊಳಗೇ ಮಾರಿದೆ. 2024ರ ಜುಲೈ ಬಜೆಟ್‌ನಲ್ಲಿ ಮಿತಿ 1.25 ಲಕ್ಷ ಆಯಿತು, ಅದರ ಮೇಲಿನ ಲಾಭಕ್ಕೆ ತೆರಿಗೆ ಶೇಕಡಾ 10ರಿಂದ 12.5ಕ್ಕೆ ಏರಿತು. ಎಲ್ಲವನ್ನೂ ಕೊನೆಗೆ ಒಟ್ಟಿಗೆ ಮಾರಿದ್ದರೆ ತೆರಿಗೆ ಕಟ್ಟಬೇಕಿತ್ತು.

ಮಾರುಕಟ್ಟೆ ಏರುತ್ತಿರುವಾಗ ಮಾರುವುದು ಸುಲಭವಲ್ಲ. 2023ರಲ್ಲಿ, 2024ರಲ್ಲಿ ನಾನು ಮಾರಿದ ಪ್ರತಿ ಸಲವೂ ಬೆಲೆ ಮುಂದೆ ಹೋಯಿತು. ಯಜಮಾನರು ಕೂಡ ಕೇಳಿದರು, "ಸ್ವಲ್ಪ ಕಾಯಬಹುದಿತ್ತಲ್ಲ?" ಬೇಡವೆಂದೆ. ಎರಡು ವರ್ಷದ ಫೀಸು, ಹಾಸ್ಟೆಲ್ ಖರ್ಚು ಅವಳು ಸೇರುವ ಮುಂಚೆಯೇ ಎಫ್‌ಡಿಯಲ್ಲಿ ಕುಳಿತಿತ್ತು. 2024ರ ಸೆಪ್ಟೆಂಬರ್ ಕೊನೆಗೆ 26,277 ಮುಟ್ಟಿದ ನಿಫ್ಟಿ 2025ರ ಮಾರ್ಚ್ ಹೊತ್ತಿಗೆ 22,000ದ ಆಸುಪಾಸಿಗೆ ಇಳಿಯಿತು, ಏಪ್ರಿಲ್ 7ರಂದು ಅದಕ್ಕೂ ಕೆಳಗೆ. ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಫೀಸಿನ ಮಾತೇ ಬರಲಿಲ್ಲ. ಮೂರನೇ, ನಾಲ್ಕನೇ ವರ್ಷದ್ದನ್ನು ಬೆಲೆ ಏರಿದ ಮೇಲೆ ಸ್ವಲ್ಪ ಸ್ವಲ್ಪವೇ ತೆಗೆದೆ.

ವರ್ಕ್‌ಶಾಪಿನ ಹುಡುಗರಲ್ಲಿ ಒಬ್ಬ ಮೊಬೈಲಿನಲ್ಲಿ ಆಪ್ಷನ್ಸ್ ಟ್ರೇಡಿಂಗ್, ಅಂದರೆ ಷೇರು ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಪಣ ಕಟ್ಟುವಂಥ ವ್ಯಾಪಾರ, ಮಾಡುತ್ತಿದ್ದ. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ ವ್ಯಾಪಾರ ಮಾಡಿದ ವ್ಯಕ್ತಿಗಳಲ್ಲಿ ಶೇಕಡಾ 93 ಮಂದಿ ನಷ್ಟ ಅನುಭವಿಸಿದರು ಎಂದು ಷೇರುಪೇಟೆಯ ನಿಯಂತ್ರಕ ಸೆಬಿ ಹೇಳಿದ್ದನ್ನು ಅವನಿಗೆ ಓದಿ ಹೇಳಿದೆ. "ಅಕ್ಕ, ನನಗೆ ಕಳೆದ ವಾರ ಬಂದಿದೆ," ಅಂದ. ನಾನು ಜಗಳ ಮಾಡಲಿಲ್ಲ. "ಪಿಗ್ಮಿಯೊಂದು ಶುರು ಮಾಡು, ಉಳಿದದ್ದು ನಿನ್ನ ಇಷ್ಟ" ಅಂದೆ. ಅವನ ಸಂಬಳದಿಂದ ದಿನಕ್ಕೆ ನೂರು ರೂಪಾಯಿ ಈಗ ಪಿಗ್ಮಿಗೆ ಹೋಗುತ್ತದೆ. ಟ್ರೇಡಿಂಗ್ ಬಿಟ್ಟಿದ್ದಾನೋ ಎಂದು ಕೇಳಿಲ್ಲ.

ಚಿನ್ನದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. 2015ರ ನವೆಂಬರ್‌ನಲ್ಲಿ ಸರಕಾರದ ಚಿನ್ನದ ಬಾಂಡ್ ಬಂದ ಮೇಲೆ ಕೈಯಲ್ಲಿದ್ದಾಗ ಒಂದೆರಡು ಗ್ರಾಂ ತೆಗೆದುಕೊಂಡೆ. ವರ್ಷಕ್ಕೆ ಶೇಕಡಾ 2.5 ಬಡ್ಡಿ (ಮೊದಲ ಕೆಲವು ಬಾಂಡ್‌ಗಳಿಗೆ 2.75), ಎಂಟು ವರ್ಷಕ್ಕೆ ಆಗಿನ ಚಿನ್ನದ ಬೆಲೆ. 2024ರ ಫೆಬ್ರವರಿ ನಂತರ ಹೊಸ ಬಾಂಡ್ ಬಂದಿಲ್ಲ. ಇದ್ದದ್ದು ಮಗಳ ಮದುವೆಗೆ ಇರಲಿ ಎಂದು ಹಾಗೇ ಇಟ್ಟಿದ್ದೇನೆ.

2025ರ ಫೆಬ್ರವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇಕಡಾ 6.5ರಿಂದ 5.5ಕ್ಕೆ ಇಳಿಸಿತು, ಎಫ್‌ಡಿ ಬಡ್ಡಿಯೂ ಅದರ ಹಿಂದೆಯೇ ಇಳಿಯಿತು. ಮಾಗಿದ ಎಫ್‌ಡಿಗಳಲ್ಲಿ ಮಗಳ ಫೀಸಿನದ್ದನ್ನು ಎರಡು ವರ್ಷಕ್ಕೆ ಕಟ್ಟಿಹಾಕಿದೆ, ದರ ಇನ್ನೂ ಇಳಿದರೂ ಅದಕ್ಕೆ ತಾಗದ ಹಾಗೆ. ಮಳೆಗಾಲದ್ದನ್ನು ಮೊದಲಿನಂತೆಯೇ ಮುಂದಿನ ಮೇ ತಿಂಗಳಿಗೆ ಮಾಗುವ ಹಾಗೆ ಅದೇ ಕಡಿಮೆ ಬಡ್ಡಿಗೆ ಹಾಕಿದ್ದೇನೆ. ಎಲ್ಲದಕ್ಕೂ ಯಜಮಾನರ ಹೆಸರು ಜಂಟಿಯಾಗಿ ಉಂಟು, ನಾಮಿನಿ ಮಗಳು. ರಶೀದಿಗಳು ಅತ್ತೆಯ ಗೋದ್ರೆಜ್ ಕಪಾಟಿನಲ್ಲಿವೆ ಎಂಬುದು ಮನೆಯ ನಾಲ್ವರಿಗೂ ಗೊತ್ತು.