ಎಸ್ಟಾಪೆಲ್ ವಾದವನ್ನು ಕೋರ್ಟಿನಲ್ಲಿ ನಿಲ್ಲಿಸುವುದು ಹೇಗೆ?

ಆಸ್ತಿ ವ್ಯಾಜ್ಯಗಳ ಲಿಖಿತ ಹೇಳಿಕೆಯಲ್ಲಿ, ಅಂದರೆ ದಾವೆಗೆ ಪ್ರತಿವಾದಿ ಕೊಡುವ ಉತ್ತರದಲ್ಲಿ, ‘ವಾದಿಯು ಎಸ್ಟಾಪೆಲ್‌ನಿಂದ ಬಾಧಿತನಾಗಿದ್ದಾನೆ’ ಎಂಬ ಒಂದೇ ವಾಕ್ಯ ಬರೆದು ಮುಂದಿನ ಕಂಡಿಕೆಗೆ ಹೋಗುವವರು ಬಹಳ. ಬೆನ್ನಿಗೆ ಸಂಗತಿಗಳಿಲ್ಲದ ಆ ವಾಕ್ಯ ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಒಬ್ಬನು ತನ್ನ ಮಾತಿನಿಂದಲೋ, ನಡತೆಯಿಂದಲೋ, ಹೇಳಬೇಕಾದಾಗ ಹೇಳದೆ ಉಳಿದೋ ಇನ್ನೊಬ್ಬನಿಗೆ ಒಂದು ಸಂಗತಿ ನಿಜವೆಂದು ನಂಬಿಸಿ, ಆ ನಂಬಿಕೆಯ ಮೇಲೆ ಅವನು ನಡೆದುಕೊಳ್ಳುವಂತೆ ಮಾಡಿದರೆ, ಮುಂದೆ ಅದನ್ನೇ ಅಲ್ಲಗಳೆಯಲು ಕಾನೂನು ಬಿಡುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 115ನೇ ಕಲಮಿನಲ್ಲಿದ್ದ ಈ ತತ್ವ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 121ನೇ ಕಲಮಾಗಿದೆ.

ಮೊದಲ ಹೆಜ್ಜೆಯಾಗಿ ನಿಮ್ಮ ತಕರಾರು ಕಾನೂನಿನ ಯಾವ ಶಾಖೆಗೆ ಸೇರಿದ್ದೆಂದು ಗೊತ್ತುಮಾಡಿಕೊಳ್ಳಿ. ಜಮೀನು, ಮನೆ, ಕರಾರಿನ ಸಿವಿಲ್ ವ್ಯಾಜ್ಯಕ್ಕೆ 121. ಬಾಡಿಗೆ ಶುರುವಾದಾಗ ಮಾಲೀಕನಿಗೆ ಹಕ್ಕೇ ಇರಲಿಲ್ಲ ಎನ್ನುವ ಬಾಡಿಗೆದಾರನನ್ನು ತಡೆಯಲು 122. ಸರ್ಕಾರವೇ ಭರವಸೆ ಕೊಟ್ಟು ಹಿಂದೆ ಸರಿದಿದ್ದರೆ ಅದು ಆಡಳಿತ ಕಾನೂನಿನ ವಿಷಯ, ಅಲ್ಲಿ ವಾಗ್ದಾನದ ಎಸ್ಟಾಪೆಲ್ ಬೇಕು: ಮೂರು ವರ್ಷ ಮಾರಾಟ ತೆರಿಗೆ ಇಲ್ಲವೆಂದು ಉತ್ತರ ಪ್ರದೇಶ ಸರ್ಕಾರ ಹೇಳಿದ್ದನ್ನು ನಂಬಿ ವನಸ್ಪತಿ ಕಾರ್ಖಾನೆ ಕಟ್ಟಿದ ಮೋತಿಲಾಲ್ ಪದಂಪತ್ ಕಂಪನಿಯ ಪರವಾಗಿ 1978ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪೇ ಅದಕ್ಕೆ ಆಧಾರ. ಕ್ರಿಮಿನಲ್ ಪ್ರಕರಣಕ್ಕೆ 121ನ್ನು ಎಳೆದು ತರಬೇಡಿ. ಯಾವ ಶಾಖೆಯಲ್ಲೇ ಆಗಲಿ, ಶಾಸನ ನಿಷೇಧಿಸಿದ್ದನ್ನು ಎಸ್ಟಾಪೆಲ್‌ನಿಂದ ಊರ್ಜಿತಗೊಳಿಸಲಾಗದು.

ಎರಡನೆಯ ಹೆಜ್ಜೆಯಲ್ಲಿಯೇ ಹೆಚ್ಚಿನವರು ಎಡವುವುದು. ಎದುರಾಳಿ ಏನು ಹೇಳಿದ ಎಂಬುದನ್ನು ತೋರಿಸಿದರೆ ಕೆಲಸ ಮುಗಿಯಿತೆಂದು ಅವರು ತಿಳಿಯುತ್ತಾರೆ. ನೀವು ಅದನ್ನು ನಂಬಿದಿರಿ, ನಂಬಿದ್ದರಿಂದಲೇ ಹಣ ಕೊಟ್ಟಿರಿ ಅಥವಾ ಮನೆ ಕಟ್ಟಿದಿರಿ, ನಿಜಸ್ಥಿತಿ ಆಗ ನಿಮಗೆ ಗೊತ್ತಿರಲಿಲ್ಲ ಎಂಬ ಮೂರನ್ನೂ ರುಜುವಾತುಪಡಿಸಬೇಕು. ಅಣ್ಣ ಮಾರಿದ ನಿವೇಶನಕ್ಕೆ ಈಗ ತಮ್ಮ ಪಾಲು ಕೇಳುತ್ತಿದ್ದಾನೆ ಎನ್ನಿ. ‘ಕ್ರಯಪತ್ರಕ್ಕೆ ಅವನೇ ಸಾಕ್ಷಿ ಹಾಕಿದ್ದಾನಲ್ಲ’ ಎಂದು ಖರೀದಿದಾರರು ಧೈರ್ಯವಾಗಿರುತ್ತಾರೆ. ಆದರೆ ಸಾಕ್ಷಿ ರುಜುವಿನಿಂದ ಸಾಬೀತಾಗುವುದು ಪತ್ರ ಬರೆದುಕೊಟ್ಟಿದ್ದನ್ನು ಅವನು ಕಂಡನೆಂಬುದಷ್ಟೇ. ಒಳಗಿನ ಒಕ್ಕಣೆ ಅವನಿಗೆ ತಿಳಿದಿತ್ತೆಂದಾಗಲಿ, ಅವನು ಒಪ್ಪಿದ್ದನೆಂದಾಗಲಿ ಅಲ್ಲ ಎಂದು, ಬ್ರಿಟಿಷರ ಕಾಲದಲ್ಲಿ ಭಾರತದ ಮೇಲ್ಮನವಿಗಳಿಗೆ ಕೊನೆಯ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ 1922ರಷ್ಟು ಹಿಂದೆಯೇ ಹೇಳಿದೆ. ಆದ್ದರಿಂದ ಅವನು ಬೆಲೆಯ ಮಾತುಕತೆಯಲ್ಲಿ ಕುಳಿತಿದ್ದನೇ, ಮುಂಗಡದಲ್ಲಿ ಪಾಲು ಅವನ ಖಾತೆಗೆ ಹೋಯಿತೇ, ನಿಮ್ಮ ಕೇಳಿಕೆಗೆ ‘ನನ್ನದೇನೂ ಇಲ್ಲ’ ಎಂದನೇ ಎಂಬುದಕ್ಕೆ ಬೇರೆ ಪುರಾವೆ ಹುಡುಕಬೇಕು. ನಿಮಗೇ ನಿಜ ಗೊತ್ತಿದ್ದರೆ ಇಷ್ಟೆಲ್ಲವೂ ವ್ಯರ್ಥ. ಮೈಸೂರು ರಾಜ್ಯದಿಂದ ಹೋಗಿ 1965ರಲ್ಲಿ ಇತ್ಯರ್ಥವಾದ ಪ್ರಕರಣವೊಂದರಲ್ಲಿ, ಮಗಳ ಹಿಂದಿನ ನಡತೆಯನ್ನು ಮುಂದಿಟ್ಟು ಅವಳಿಗೆ ಪಾಲಿಲ್ಲವೆಂದು ತಂದೆಯ ಕಡೆಯವರು ವಾದಿಸಿದಾಗ, ಆಸ್ತಿ ಯಾರದೆಂದು ತಂದೆಗೆ ತಿಳಿದೇ ಇತ್ತು, ಅವನು ದಾರಿ ತಪ್ಪಿದನೆನ್ನಲಾಗದು ಎಂದು ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು.

ನಂತರ ಬರವಣಿಗೆ. ಯಾರು, ಯಾವಾಗ, ಎಲ್ಲಿ, ಏನು ಹೇಳಿದರು, ಅದಾದ ಮೇಲೆ ನೀವೇನು ಮಾಡಿದಿರಿ ಎಂಬುದನ್ನು ತಾರೀಖಿನ ಅನುಕ್ರಮದಲ್ಲಿ ಬರೆಯಿರಿ. ಕಲಮಿನ ಸಂಖ್ಯೆ ಕೊನೆಗೆ ಬಂದರೆ ಸಾಕು. ಅಂತರ್ಜಾಲದಲ್ಲಿ ಸಿಗುವ ಸಿದ್ಧ ನಮೂನೆಗಳನ್ನು ಮುಟ್ಟಲೇಬೇಡಿ: ಈಗಲೂ 115 ಎಂದೇ ಅಚ್ಚಾಗಿರುವ ಅವುಗಳಲ್ಲಿ ನಂಬಿಕೆಯ ಸಂಗತಿ ಬರೆಯಲು ಜಾಗವೇ ಇರುವುದಿಲ್ಲ. ಹೊಸ ಕಾಯಿದೆ ಬರುವ ಮೊದಲೇ ಬಾಕಿಯಿದ್ದ ದಾವೆಯಾದರೆ ಮಾತ್ರ 115 ಸರಿ. ಲಿಖಿತ ಹೇಳಿಕೆಗೆ ಸಮನ್ಸು ಜಾರಿಯಾದಂದಿನಿಂದ 30 ದಿನಗಳ ಗಡುವಿದ್ದು, ಕೋರ್ಟು ಕಾರಣ ಒಪ್ಪಿದರೆ ಅದು 90ರವರೆಗೆ ವಿಸ್ತರಣೆಯಾಗಬಹುದು.

ಕೊನೆಯದಾಗಿ, ವಿವಾದಾಂಶಗಳನ್ನು, ಅಂದರೆ ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು, ರಚಿಸುವ ದಿನ ಎಸ್ಟಾಪೆಲ್ ಬಗ್ಗೆ ಪ್ರತ್ಯೇಕ ವಿವಾದಾಂಶ ಇರುವಂತೆ ನಿಮ್ಮ ವಕೀಲರಿಂದ ಕೇಳಿಸಿ. ಪಾಟೀ ಸವಾಲಿನಲ್ಲಿ ಎದುರಾಳಿಯನ್ನು ‘ನೀವು ಸಹಿ ಹಾಕಿದಿರಾ’ ಎಂದು ಕೇಳುವುದಕ್ಕಿಂತ, ಮಾರಾಟದ ಹಣದಲ್ಲಿ ತನಗೆಷ್ಟು ಬಂತೆಂದು ಬ್ಯಾಂಕಿನ ಲೆಕ್ಕಪಟ್ಟಿ ತೋರಿಸಿ ಕೇಳುವುದೇ ಸರಿಯಾದ ಕ್ರಮ.