ಬಾಲ್ ಪೈಥಾನ್‌ಗೆ ಮನೆ: ಹಾವಿಗಿಂತ ಮೊದಲು ಥರ್ಮೋಸ್ಟ್ಯಾಟ್ ಕೊಳ್ಳಿ

ಮೀನಿನ ಗಾಜಿನ ತೊಟ್ಟಿ, ಅದರಡಿ ಹಗಲೂ ರಾತ್ರಿ ಕಾಯುತ್ತಲೇ ಇರುವ ಹೀಟ್ ಮ್ಯಾಟ್, ಒಳಗೆ ಹೊಟ್ಟೆಯ ಚರ್ಮ ಸುಟ್ಟುಕೊಂಡ ಹಾವು. ಹಾವು ಸಾಕುವವರ ಮನೆಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ಹಾವಿಗೆ ಸಾವಿರಾರು ರೂಪಾಯಿ ಸುರಿದವರು, ಬಿಸಿ ಮಿತಿ ಮುಟ್ಟಿದೊಡನೆ ಹೀಟರನ್ನು ತಡೆಯುವ ಥರ್ಮೋಸ್ಟ್ಯಾಟ್ ಕೊಳ್ಳುವಾಗ ಕೈ ಬಿಗಿಹಿಡಿಯುತ್ತಾರೆ.

ಮೊದಲು ಕಾನೂನು. ನಾಗರ, ಕೇರೆ, ಹೆಬ್ಬಾವು ಮುಂತಾದ ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆಫ್ರಿಕಾ ಮೂಲದ ಚಿಕ್ಕ ಹೆಬ್ಬಾವಾದ ಬಾಲ್ ಪೈಥಾನ್ ಸಾಕುವವರು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದಪತ್ರ ಕೊಡದ ಮಾರಾಟಗಾರನ ಹತ್ತಿರ ಹೋಗಲೇಬೇಡಿ.

ಪೆಟ್ಟಿಗೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಇರಲಿ. ಬೆಳೆದ ಹಾವು ಸಾಮಾನ್ಯವಾಗಿ 3ರಿಂದ 5 ಅಡಿ ಉದ್ದವಿರುತ್ತದೆ. ಬಾಗಿಲು ಮುಂದಿನಿಂದ ತೆರೆಯುವಂತಿರಬೇಕು. ಮೇಲಿನಿಂದ ಕೈ ಇಳಿಸಿದರೆ ಹದ್ದು ಎರಗಿತೇನೋ ಎಂಬಂತೆ ಹಾವು ಬೆದರುತ್ತದೆ. ಜಾಲರಿ ಮುಚ್ಚಳದ ತೊಟ್ಟಿಯಲ್ಲಿ ತೇವ ನಿಲ್ಲುವುದಿಲ್ಲ. ನನ್ನ ಆಯ್ಕೆ ಪಿವಿಸಿ ಹಲಗೆಯ ಪೆಟ್ಟಿಗೆ. ಬಡಗಿಯಿಂದ ಪ್ಲೈವುಡ್‌ನಲ್ಲಿ ಮಾಡಿಸಿದರೆ ಒಳಗೆ ನೀರು ಹಿಡಿಯದ ವಾರ್ನಿಷ್ ಬಳಿಸಿ, ವಾಸನೆ ಪೂರ್ತಿ ಹೋದ ಮೇಲಷ್ಟೇ ಬಳಸಿ.

ಇನ್ನು ಎಲ್ಲರೂ ಎಡವುವ ಹಂತ, ಶಾಖ. ಹಾವು ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಬಿಸಿಗೂ ತಂಪಿಗೂ ಓಡಾಡಿ ಸರಿದೂಗಿಸಿಕೊಳ್ಳುತ್ತದೆ. ಹಾಗಾಗಿ ಪೆಟ್ಟಿಗೆಯ ಒಂದು ತುದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 25ರಿಂದ 27 ಇರಬೇಕು. ಇಡೀ ಪೆಟ್ಟಿಗೆ ಒಂದೇ ಸಮ ಕಾದರೆ ಹಾವಿಗೆ ತಪ್ಪಿಸಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಈ ಗಾತ್ರಕ್ಕೆ ಮೇಲ್ಗಡೆ ಕೂರಿಸುವ, ಬಲ್ಬಿನಂತಿದ್ದು ಬೆಳಕಿಲ್ಲದೆ ಶಾಖ ಮಾತ್ರ ಕೊಡುವ ಸೆರಾಮಿಕ್ ಹೀಟರ್ ಒಳ್ಳೆಯದು. ಅದನ್ನು ಪಿಂಗಾಣಿ ಹೋಲ್ಡರ್‌ಗೇ ಹಾಕಿ, ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ಸುತ್ತ ಲೋಹದ ಜಾಲರಿ ಬಿಗಿಯಿರಿ, ಇಲ್ಲವಾದರೆ ಹಾವು ಹೀಟರ್‌ಗೇ ಸುತ್ತಿಕೊಳ್ಳುತ್ತದೆ.

ಗಾಜಿನ ತೊಟ್ಟಿಗೆ ಮ್ಯಾಟ್ ಹಾಕುವವರು ತಳದ ಮೂರನೇ ಒಂದು ಭಾಗವನ್ನು ಮೀರಬಾರದು. ಥರ್ಮೋಸ್ಟ್ಯಾಟಿನ ಸೆನ್ಸರನ್ನು ಮ್ಯಾಟಿಗೂ ಗಾಜಿಗೂ ನಡುವೆ, ಹೊರಗಡೆಯೇ ಅಂಟಿಸಿ. ಒಳಗಿಟ್ಟರೆ ಹಾವು ಅದನ್ನು ತಂಪು ಜಾಗಕ್ಕೆ ತಳ್ಳುತ್ತದೆ; ಇನ್ನೂ ಬಿಸಿಯಾಗಿಲ್ಲವೆಂದು ಥರ್ಮೋಸ್ಟ್ಯಾಟ್ ಕಾಯಿಸುತ್ತಲೇ ಹೋಗುತ್ತದೆ. ಮ್ಯಾಟಿನ ಮೇಲೆ ದಪ್ಪ ಹಾಸು ಬೇಡ, ಅಡಿಯಲ್ಲಿ ಶಾಖ ಕಟ್ಟಿಕೊಳ್ಳುತ್ತದೆ. ಬಿಸಿ ಕಲ್ಲು ಎಂದು ಮಾರುವ, ಒಳಗೆ ಹೀಟರ್ ಇರುವ ಕೃತಕ ಕಲ್ಲನ್ನು ಮನೆಗೆ ತರಲೇಬಾರದು. ಗೋಡೆಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್ ಸಹ ನಂಬಿಕೆಗೆ ಅರ್ಹವಲ್ಲ. ತಂತಿಯ ತುದಿಯಲ್ಲಿ ಸೆನ್ಸರಿರುವ ಡಿಜಿಟಲ್ ಥರ್ಮಾಮೀಟರ್ ಕೊಂಡು, ಐಸ್ ತುಂಬಿದ ನೀರಿನಲ್ಲಿ ಅದ್ದಿ ನೋಡಿ. ಸೊನ್ನೆಯ ಆಸುಪಾಸು ತೋರಿಸಬೇಕು.

ಹಾವು ತರುವ ಮುನ್ನ ಖಾಲಿ ಪೆಟ್ಟಿಗೆಯನ್ನು ಒಂದು ವಾರ ಚಾಲೂ ಇಟ್ಟು, ನಸುಕಿನಲ್ಲೂ ಮಧ್ಯಾಹ್ನವೂ ತಾಪ ಬರೆದಿಡಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಹೊಂದಿಸಿದ್ದು ಏಪ್ರಿಲ್ ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಬಿಸಿಲು ಬೀಳುವ ಕಿಟಕಿಯ ಬಳಿ ಪೆಟ್ಟಿಗೆ ಇಡುವುದೆಂದರೆ ಹಾವನ್ನು ಬೇಯಿಸಿದಂತೆಯೇ.

ತಳಕ್ಕೆ ಹಾಸಲು ತೆಂಗಿನ ಸಿಪ್ಪೆಯ ಚೂರು ಸಾಕು. ನಮ್ಮಲ್ಲಿ ಅಗ್ಗ, ತೇವವನ್ನೂ ಹಿಡಿದಿಡುತ್ತದೆ. ತೇವಾಂಶ ಶೇಕಡಾ 60ರ ಸುತ್ತ ಇರಲಿ. ಪೈನ್, ದೇವದಾರು ಮರದ ಹೊಟ್ಟು ಬೇಡ, ಅದರ ಎಣ್ಣೆಯಂಶ ಹಾವಿನ ಉಸಿರಾಟಕ್ಕೆ ಕೆಡುಕು. ಬಿಸಿ ತುದಿಗೊಂದು, ತಂಪು ತುದಿಗೊಂದು ಅಡಗುತಾಣ ಇಡಿ. ಕಾಡಿನಲ್ಲಿ ಇದು ಇಲಿಬಿಲ, ಗೆದ್ದಲ ಹುತ್ತಗಳಲ್ಲಿ ಹಗಲು ಕಳೆಯುವ ಜೀವಿ, ಗೋಡೆ ಮೈಗೆ ತಾಗುವಷ್ಟು ಇಕ್ಕಟ್ಟಿದ್ದರೇ ಅದಕ್ಕೆ ನೆಮ್ಮದಿ. ನೀರಿನ ಬಟ್ಟಲು ಭಾರವಾಗಿರಲಿ. ಒಂದು ಪೆಟ್ಟಿಗೆಗೆ ಒಂದೇ ಹಾವು.

ಕೊನೆಗೆ ಗಾಜಿನ ಬಾಗಿಲಿಗೆ ಬೀಗ ಹಾಕಿಸಿ, ವೈರ್ ಹೊರಬರುವ ರಂಧ್ರವನ್ನು ಮುಚ್ಚಿ. ತಲೆ ತೂರುವಷ್ಟು ಸಂದಿ ಸಿಕ್ಕರೆ ಹಾವು ಹೊರಗೆ ಬರುತ್ತದೆ.