ಐರಿಷ್ ಹೆಣ್ಣುಮಗುವಿನ ಹೆಸರಿನ ಅರ್ಥ, ಮೂಲ, ಬಳಕೆಯನ್ನು ಪರಿಶೀಲಿಸುವುದು ಹೇಗೆ: ‘ಮೇವ್’ ಹೆಸರಿನ ಉದಾಹರಣೆಯೊಂದಿಗೆ

ಐರಿಷ್ ಹೆಸರೊಂದನ್ನು ಅಂತರ್ಜಾಲದಲ್ಲಿ ಹುಡುಕಿದರೆ ಅರ್ಥ, ಮೂಲ, ಜನಪ್ರಿಯತೆ ಮೂರನ್ನೂ ಒಂದೇ ಸಾಲಿನಲ್ಲಿ ಮುಗಿಸುವ ಪಟ್ಟಿಗಳು ಧಾರಾಳವಾಗಿ ಸಿಗುತ್ತವೆ. ಅವುಗಳಲ್ಲಿ ಬಹುಪಾಲು ಒಂದನ್ನು ನೋಡಿ ಇನ್ನೊಂದು ಬರೆದುಕೊಂಡಂಥವು. ಅರ್ಥವನ್ನು ನಿಘಂಟಿನಲ್ಲಿ, ಮೂಲವನ್ನು ಹಸ್ತಪ್ರತಿ ಮತ್ತು ಜನಗಣತಿಯಲ್ಲಿ, ಬಳಕೆಯನ್ನು ಸರ್ಕಾರಿ ಅಂಕಿಅಂಶಗಳಲ್ಲಿ ಬೇರೆ ಬೇರೆಯಾಗಿಯೇ ನೋಡಬೇಕು. ಹಾಗೆ ನೋಡುವ ಕ್ರಮವನ್ನು ಇಲ್ಲಿ ‘ಮೇವ್’ ಎಂಬ ಹೆಸರನ್ನು ಹಿಡಿದು ವಿವರಿಸಲಾಗಿದೆ.

ಮೊದಲು ಮಾಡಬೇಕಾದ ಕೆಲಸವೆಂದರೆ ಹೆಸರಿನ ಹಳೆಯ ಕಾಗುಣಿತವನ್ನು ಪತ್ತೆಹಚ್ಚುವುದು. ‘ಮೇವ್’ ಎಂದು ಇಂದು ಇಂಗ್ಲಿಷಿನಲ್ಲಿ ಎಂ, ಎ, ಇ, ವಿ, ಇ ಅಕ್ಷರಗಳಿಂದ ಬರೆಯುವ ರೂಪ ಐರಿಷ್ ಕಾಗುಣಿತವಲ್ಲ. ಉಚ್ಚಾರಣೆಗೆ ತಕ್ಕಂತೆ ಮಾಡಿಕೊಂಡ ಇಂಗ್ಲಿಷ್ ರೂಪ. ಇಂದಿನ ಐರಿಷಿನಲ್ಲಿ ಇದನ್ನು ಎಂ, ಇ, ಎ, ಬಿ, ಎಚ್ ಎಂದು ಬರೆದು, ಮೊದಲ ‘ಇ’ಯ ಮೇಲೆ ‘ಫಾದಾ’ ಎಂಬ ದೀರ್ಘಸೂಚಕ ಗೆರೆಯನ್ನು ಹಾಕುತ್ತಾರೆ. ಕೊನೆಯ ಬಿ ಮತ್ತು ಎಚ್ ಸೇರಿ ‘ವ’ಕಾರವಾಗುತ್ತದೆ. ಅದಕ್ಕೂ ಹಿಂದಿನ ರೂಪದಲ್ಲಿ ನಡುವೆ ಡಿ ಮತ್ತು ಎಚ್ ಇದ್ದವು. ಎಲ್ಲಕ್ಕಿಂತ ಹಳೆಯ ರೂಪದಲ್ಲಿರುವುದು ನಾಲ್ಕೇ ಅಕ್ಷರ: ಎಂ, ಇ, ಡಿ, ಬಿ. ನಿಘಂಟಿನಲ್ಲಿ ಹುಡುಕಬೇಕಾದುದು ಈ ಕೊನೆಯದನ್ನು. ಇಂಗ್ಲಿಷ್ ರೂಪವನ್ನೇ ಹಿಡಿದು ಹುಡುಕಿದವರಿಗೆ ಏನೂ ಸಿಗುವುದಿಲ್ಲ, ಸಿಕ್ಕರೂ ತಪ್ಪೇ ಸಿಗುತ್ತದೆ.

ಹಳೆಯ ಮತ್ತು ಮಧ್ಯಕಾಲೀನ ಐರಿಷಿಗೆ ರಾಯಲ್ ಐರಿಷ್ ಅಕಾಡೆಮಿಯ ನಿಘಂಟನ್ನು ಆಧರಿಸಿದ ಇಡಿಐಎಲ್ ಎಂಬ ವಿದ್ಯುನ್ಮಾನ ನಿಘಂಟು ಉಚಿತವಾಗಿ ದೊರೆಯುತ್ತದೆ. ಅಲ್ಲಿ ಹೆಸರನ್ನಷ್ಟೇ ನೋಡಿ ಬಿಡದೆ ಅದರ ಬಳಗದ ಪದಗಳನ್ನೂ ನೋಡಬೇಕು. ಜೇನಿನಿಂದ ಮಾಡುವ ಮದ್ಯಕ್ಕೆ ಹಳೆಯ ಐರಿಷಿನಲ್ಲಿ ‘ಮಿದ್’ ಎಂಬ ಪದವಿದೆ. ಅದು ನಮ್ಮ ‘ಮಧು’ವಿನ ಜ್ಞಾತಿಪದ, ಎರಡೂ ಒಂದೇ ಇಂಡೋ-ಯುರೋಪಿಯನ್ ಮೂಲದವು. ಮೇವ್ ಆ ಬಳಗಕ್ಕೇ ಸೇರಿದ ಹೆಸರು. ಆದ್ದರಿಂದ ‘ಅಮಲೇರಿಸುವವಳು’ ಎಂಬ ವಿವರಣೆಗೆ ಭಾಷಾಶಾಸ್ತ್ರದ ಆಧಾರವಿದೆ. ಕೆಲವು ಪಟ್ಟಿಗಳು ಮಡಿವಂತಿಕೆಯಿಂದಲೋ ಏನೋ ಕೊಡುವ ‘ಸಂತೋಷ’, ‘ಸೌಂದರ್ಯ’ ಎಂಬ ಅರ್ಥಗಳಿಗೆ ಇಲ್ಲ. ಅರಸನಾಗುವವನು ನಾಡಿನ ಅಧಿದೇವತೆಯ ಕೈಯಿಂದ ಪಾನೀಯವನ್ನು ಸ್ವೀಕರಿಸಿ ಅವಳನ್ನು ವರಿಸುತ್ತಾನೆಂಬ ಕಲ್ಪನೆ ಹಳೆಯ ಐರಿಷ್ ಸಾಹಿತ್ಯದಲ್ಲಿದೆ. ಮೇವ್ ಅಂಥ ದೇವತೆಯ ಹೆಸರಾಗಿದ್ದಿರಬೇಕೆಂದು ವಿದ್ವಾಂಸರು ಭಾವಿಸುವುದು ಈ ಹಿನ್ನೆಲೆಯಲ್ಲಿಯೇ.

ಮುಂದಿನದು ಹೆಸರನ್ನು ಹೊತ್ತ ಪಾತ್ರದ ಕಥೆ. ಇದನ್ನು ಸಾರಾಂಶದಲ್ಲಿ ಓದಿ ತೃಪ್ತರಾಗುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ, ಏಕೆಂದರೆ ಮೇವ್ ಪಟ್ಟಿಗಳು ಚಿತ್ರಿಸುವ ಸೌಮ್ಯ ರಾಣಿಯಲ್ಲ. ಅವಳು ಪಶ್ಚಿಮದ ಕೊನಾಕ್ಟ್ ಪ್ರಾಂತದ ಒಡತಿ; ಅವಳ ರಾಜಧಾನಿಯೆಂದು ಹೇಳುವ ಕ್ರುವಖಾನ್ ಇಂದಿನ ರಾಸ್ಕಾಮನ್ ಕೌಂಟಿಯಲ್ಲಿದೆ. ‘ಕೂಲಿಯ ದನಗಳ ಸುಲಿಗೆ’ (ಕೂಲಿ ಎಂಬುದು ಇಲ್ಲಿ ಒಂದು ಪ್ರದೇಶದ ಹೆಸರು) ಎಂಬ ಮಹಾಕಥನದ ಹನ್ನೆರಡನೆಯ ಶತಮಾನದ ಪಾಠ, ಅಂದರೆ ಲೆನ್ಸ್ಟರ್ ಹಸ್ತಪ್ರತಿಯಲ್ಲಿರುವುದು, ಹಾಸಿಗೆಯ ಮೇಲೆ ಗಂಡ ಹೆಂಡಿರು ನಡೆಸುವ ವಾದದಿಂದ ಆರಂಭವಾಗುತ್ತದೆ. ತನ್ನಿಂದಾಗಿ ನೀನು ಮೊದಲಿಗಿಂತ ಚೆನ್ನಾಗಿದ್ದೀಯೆ ಎಂದು ಗಂಡ ಅಲಿಲ್ ಕೆಣಕುತ್ತಾನೆ. ಅವಳು ಒಪ್ಪುವುದಿಲ್ಲ. ಪಾತ್ರೆ ಪಡಗ, ಒಡವೆ, ಬಟ್ಟೆ, ಕುರಿ, ಕುದುರೆ, ಹಂದಿ, ದನ ಎಲ್ಲವನ್ನೂ ತರಿಸಿ ಎಣಿಸುತ್ತಾರೆ; ಎಲ್ಲವೂ ಸರಿಸಮ. ಆದರೆ ಅವಳ ಮಂದೆಯಲ್ಲೇ ಹುಟ್ಟಿದ ಬಿಳಿಕೊಂಬಿನ ಹೋರಿಯೊಂದು ಹೆಂಗಸಿನ ಒಡೆತನದಲ್ಲಿರಲು ಒಲ್ಲದೆ ಗಂಡನ ಮಂದೆಯನ್ನು ಸೇರಿಕೊಂಡಿರುತ್ತದೆ. ಅದಕ್ಕೆ ಸರಿದೂಗುವ ಕಂದು ಹೋರಿಗಾಗಿ ಅವಳು ಉತ್ತರದ ಅಲ್ಸ್ಟರ್ ಪ್ರಾಂತದ ಮೇಲೆ ದಂಡೆತ್ತಿ ಹೋಗುತ್ತಾಳೆ. ವೀರಗಲ್ಲುಗಳ ತುರುಗೊಳ್, ವಿರಾಟಪರ್ವದ ಗೋಗ್ರಹಣಗಳನ್ನು ಬಲ್ಲ ಕನ್ನಡಿಗರಿಗೆ ಈ ಯುದ್ಧದ ಕಾರಣ ವಿಚಿತ್ರವೆನಿಸದು. ಸ್ಲೈಗೋ ಕೌಂಟಿಯ ನಾಕ್‌ನರೇ ಬೆಟ್ಟದ ತುದಿಯಲ್ಲಿರುವ ಭಾರೀ ಕಲ್ಲುಗುಪ್ಪೆಯನ್ನು ಅವಳ ಸಮಾಧಿಯೆಂದು ಜನ ಕರೆಯುತ್ತಾರೆ. ಅದು ನವಶಿಲಾಯುಗದ್ದು, ಕಥೆಗಿಂತ ಎಷ್ಟೋ ಹಳೆಯದು. 1977ರಲ್ಲಿ ಬಂದ ಐರ್ಲೆಂಡಿನ ಒಂದು ಪೌಂಡಿನ ನೋಟಿನ ಮೇಲೆಯೂ ಮೇವ್‌ಳ ಚಿತ್ರವಿತ್ತು.

ಹೆಸರು ಹಳೆಯದೆಂದ ಮಾತ್ರಕ್ಕೆ ಬಳಕೆ ನಿರಂತರವಾಗಿತ್ತೆಂದು ತಿಳಿಯಬಾರದು. ಇದನ್ನು ಪರೀಕ್ಷಿಸಲು ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರವು ಉಚಿತವಾಗಿ ತೆರೆದಿಟ್ಟಿರುವ 1901 ಮತ್ತು 1911ರ ಜನಗಣತಿಯ ಹಾಳೆಗಳಲ್ಲಿ ಹೆಸರನ್ನು ಹುಡುಕಬೇಕು. ಮೇರಿ, ಬ್ರಿಜೆಟ್, ಮಾರ್ಗರೆಟ್‌ಗಳಿಂದ ತುಂಬಿರುವ ಆ ಹಾಳೆಗಳಲ್ಲಿ ಪುರಾಣದ ಹೆಸರುಗಳು ವಿರಳ. 1893ರಲ್ಲಿ ಐರಿಷ್ ಭಾಷೆಯ ಉಳಿವಿಗಾಗಿ ಗೇಲಿಕ್ ಲೀಗ್ ಎಂಬ ಸಂಘ ಸ್ಥಾಪನೆಯಾದ ಕಾಲದ ಭಾಷಾ ಪುನರುಜ್ಜೀವನವೇ ಇಂಥ ಹೆಸರುಗಳನ್ನು ಮತ್ತೆ ತೊಟ್ಟಿಲಿಗೆ ತಂದಿತು. ‘ಸ್ವಾತಂತ್ರ್ಯ’ ಎಂಬ ಅರ್ಥದ ‘ಸಿರ್ಶಾ’ ಐರಿಷ್ ಭಾಷೆಯ ಪದವೇ ಆದರೂ ಹೆಸರಾಗಿ ಬಳಕೆಗೆ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. 2021ರಲ್ಲಿ ಐರ್ಲೆಂಡಿನ ಹೆಣ್ಣುಮಕ್ಕಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ‘ಫೀಯಾ’ ಇನ್ನೂ ಈಚಿನದು.

ಜನಪ್ರಿಯತೆಗೆ ಐರ್ಲೆಂಡಿನ ಕೇಂದ್ರ ಅಂಕಿಅಂಶ ಕಚೇರಿಯ ವಾರ್ಷಿಕ ಪಟ್ಟಿಯನ್ನೇ ನೋಡಬೇಕು. ಅದರಲ್ಲಿ 1964ರಿಂದ ಈಚಿನ ಮಾಹಿತಿಯಿದೆ. ಅಲ್ಲಿ ಪ್ರತಿ ಕಾಗುಣಿತವೂ ಪ್ರತ್ಯೇಕ ಹೆಸರೆಂದು ಎಣಿಕೆಯಾಗುವುದರಿಂದ ಮೇವ್‌ನ ಇಂಗ್ಲಿಷ್ ರೂಪವನ್ನೂ ಐರಿಷ್ ರೂಪವನ್ನೂ ನೋಡಿ ಕೂಡಿಸಿಕೊಳ್ಳಬೇಕು. ವರ್ಷದಲ್ಲಿ ಮೂರಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರುಗಳನ್ನು ಪ್ರಕಟಿಸುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿಲ್ಲದ ಹೆಸರನ್ನು ಯಾರೂ ಇಟ್ಟಿಲ್ಲವೆಂದು ತೀರ್ಮಾನಿಸಬಾರದು. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಪಟ್ಟಿ 1880ರಿಂದ ಇದ್ದು, ಅಲ್ಲಿ ಈ ಮಿತಿ ಐದು. ಅಲ್ಲಿ ಮೇವ್ ಕಳೆದ ಕೆಲವು ವರ್ಷಗಳಿಂದ ವೇಗವಾಗಿ ಮೇಲೇರುತ್ತಿದೆ. ಆದರೆ ಎರಡು ದೇಶಗಳ ಸ್ಥಾನಗಳನ್ನು ನೇರವಾಗಿ ಹೋಲಿಸಬಾರದು: ಐರ್ಲೆಂಡಿನಲ್ಲಿ ವರ್ಷಕ್ಕೆ ಹುಟ್ಟುವ ಮಕ್ಕಳು ಸುಮಾರು 55ರಿಂದ 60 ಸಾವಿರ, ಅಮೆರಿಕದಲ್ಲಿ ಸುಮಾರು 36 ಲಕ್ಷ. ಸ್ಥಾನಕ್ಕೆ ಬದಲು, ಹುಟ್ಟಿದ ಪ್ರತಿ ಸಾವಿರ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಗೆ ಆ ಹೆಸರಿಟ್ಟಿದ್ದಾರೆಂದು ಲೆಕ್ಕ ಹಾಕಿದರೆ ನಿಜಸ್ಥಿತಿ ತಿಳಿಯುತ್ತದೆ.

ಐರ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು ನೋಂದಣಿಗೆ ಮೊದಲು ಎರಡು ವಿಷಯಗಳನ್ನು ಗಮನಿಸುವುದು ಒಳ್ಳೆಯದು. ಪಾಸ್‌ಪೋರ್ಟಿನ ಯಂತ್ರ ಓದುವ ಸಾಲುಗಳಲ್ಲಿ ಫಾದಾ ಉಳಿಯುವುದಿಲ್ಲ, ಬರಿಯ ‘ಇ’ ಆಗುತ್ತದೆ; ಹೀಗಾಗಿ ಬೇರೆ ಬೇರೆ ದಾಖಲೆಗಳಲ್ಲಿ ಹೆಸರು ಹೇಗೆ ಕಾಣುತ್ತದೆಂದು ಮೊದಲೇ ನೋಡಿಕೊಳ್ಳಬೇಕು. ಇನ್ನೊಂದು, ಊರಿನಲ್ಲಿರುವ ಅಜ್ಜಿಯ ಕಿವಿಗೆ ‘ಮೇವ್’ ಎಂಬುದು ದನದ ಮೇವಾಗಿಯೇ ಕೇಳಿಸುತ್ತದೆ. ಹೋರಿಗಾಗಿ ಯುದ್ಧ ಮಾಡಿದ ರಾಣಿಯ ಕಥೆಯನ್ನು ಅವರಿಗೆ ಮೊದಲೇ ಹೇಳಿಬಿಡುವುದು ಮೇಲು.